ಬೆನಕನ ಕರಡಿಗೆ

ಷಣ್ಮುಖಪ್ಪ ಬೆಳಿಗ್ಗೆ ಬಂದು ಚನ್ನಗಿರಿಯ ನಾದಿನಿಯ ಮನೆಯ ಬಾಗಿಲಲ್ಲಿ ನಿಂತಾಗ ಅವನ ಹೆಂಡತಿ ಸರ್ವಮಂಗಳಮ್ಮ ಒಳಗೆ ಮಗನಿಗೆಂದು ಗಂಜಿ ಕಾಯಿಸುತ್ತಿದ್ದಳು. ಚಪ್ಪಲಿ ಬಿಡದೆ, ಒಳಗೂ ಬಾರದೆ, ನಾಳೆ ಗಿರಣಿಗೆ ಕರೆಂಟಿಲ್ಲ ಎಂದು ಹೇಳುವ ದನಿಯಲ್ಲಿ ಅವನು ಸುದ್ದಿ ಹೇಳಿದ.

"ಬೆನಕನಿಗೆ ತಲೆ ಪೂರ್ತಿ ಕೆಟ್ಟೈತಂತೆ ಕಣೇ. ನಿನ್ನೆ ಬೆಳಗ್ಗಿಂದ ನೀರು ಕುಡಿಸ್ರಿ ಅಂದಾರೆ ಡಾಕ್ಟ್ರು, ಇವನು ಬಾಯೇ ಬಿಡವಲ್ಲ. ಗ್ಲೂಕೋಸ್ ಸೂಜಿ ಕಿತ್ತು ಬಿಸಾಕಿದ. ವಾರ್ಡಿನ ಆಳು ಬೈಲಪ್ಪನ ಬೆರಳು ಕಚ್ಚಿದ. ಇಲ್ಲಿ ಇಟ್ಟುಕಳ್ಳಾಕೆ ಆಗಲ್ಲ, ಸಂಜೆ ಜೀಪಿನಾಗೆ ಹುಚ್ಚಾಸ್ಪತ್ರೆಗೆ ಕಳಿಸ್ತೀವಿ ಅಂದ್ರು. ಸಹಿ ಹಾಕಿ ಬಂದೆ."

"ಯಾರನ್ನ ಕೇಳಿ ಹಾಕಿದ್ರಿ?"

"ಯಾರನ್ನ ಕೇಳಬೇಕೇ? ನಾನು ಅಪ್ಪ ಅಲ್ವೇನು?"

ತಾನು ಬೆನಕನ ಅಪ್ಪ ಎಂಬುದು ಷಣ್ಮುಖಪ್ಪನಿಗೆ ಹದಿನೆಂಟು ವರ್ಷಗಳಲ್ಲಿ ನೆನಪಾದದ್ದು ಇಂಥ ಸಹಿಗಳ ಹೊತ್ತಿನಲ್ಲಿ ಮಾತ್ರ. ಕೆರೆಬಿಳಚಿಯಲ್ಲಿ ಅವನದು ಹಿಟ್ಟಿನ ಗಿರಣಿ. ಬೀಸಿಸಲು ಬಂದ ಪರವೂರಿನವರು ಮಕ್ಕಳೆಷ್ಟು ಎಂದು ಕೇಳಿದರೆ, ಮದುವೆ ಮಾಡಿಕೊಟ್ಟ ಮಗಳ ಹೆಸರು ಹೇಳಿ ಬೆಲ್ಟು ಸರಿಮಾಡಲು ಎದ್ದುಹೋಗುತ್ತಿದ್ದ. ಮಗ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದರೂ ಅಷ್ಟೇ. ಕೆಟ್ಟವನೇನಲ್ಲ ಅವನು. ಮಗನನ್ನು ಹೊಡೆದವನಲ್ಲ, ಬೈದವನಲ್ಲ. ಆದರೆ ಮಗನ ಜೊತೆ ಕೂತು ಒಂದು ಮಾತು ಆಡಿದವನೂ ಅಲ್ಲ.

ಸರ್ವಮಂಗಳಮ್ಮ ಗಂಜಿಯನ್ನು ಒಲೆಯ ಮೇಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನನ್ನು ಸರಿಸಿ ಬೀದಿಗಿಳಿದಳು. "ಹೆಂಗಸರನ್ನ ಸಂಜೆ ನಾಲ್ಕರ ತನಕ ಬಿಡಲ್ಲ ಕಣೇ" ಎನ್ನುತ್ತ ಅವನು ಹಿಂದೆಯೇ ಓಡಿದ.

ಬೆನಕಪ್ಪನ ತಲೆ ಕೆಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಅವನ ಬುದ್ಧಿ ನಿಧಾನ, ಅಷ್ಟೇ. ನಡೆದದ್ದು ತಡ, ಮಾತು ಬಂದದ್ದು ಇನ್ನೂ ತಡ. ಮೇಷ್ಟ್ರು ಒಂದು ವರ್ಷ ಶಾಲೆಯ ಮೂಲೆಯಲ್ಲಿ ಕೂರಿಸಿಕೊಂಡು, ಆಮೇಲೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದರು. ಊರವರು ಅವನನ್ನು 'ಅದು' ಎನ್ನುತ್ತಿದ್ದರು. ಅದು ಬಂತು, ಅದಕ್ಕೆ ಊಟ ಆಯಿತಾ, ಅದನ್ನ ಒಳಗೆ ಕೂರಿಸಿ. ಕರುವಿಗೂ ಹೆಸರಿಟ್ಟು ಕರೆಯುವ ಊರಿನಲ್ಲಿ, ಹೆಸರಿದ್ದ ಹುಡುಗನಿಗೆ ಈ ಗತಿ.

ಬಸ್ ನಿಲ್ಲುವ ಕಡೆ ಹೋಟೆಲ್ ಮುಂದೆ ಕೂರುವ ಪುಂಡರಿಗೆ ಅವನೊಂದು ಆಟದ ಸಾಮಾನು. ಯಾರು ಏನು ಕೊಟ್ಟರೂ ತಿನ್ನುತ್ತಾನೆ ಎಂದು ತಿಳಿದು ಬೋಂಡಾದೊಳಗೆ ಹೊಗೆಸೊಪ್ಪು ಇಟ್ಟು ಕೊಡುತ್ತಿದ್ದರು. ಅವನು ವಾಂತಿ ಮಾಡಿಕೊಂಡರೆ ಚಪ್ಪಾಳೆ ತಟ್ಟುತ್ತಿದ್ದರು. ಸರ್ವಮಂಗಳಮ್ಮ ಅವರ ಮನೆಗಳಿಗೆ ಹೋಗಿ ಜಗಳ ಆಡಿ ಸಾಕಾಗಿ, ಕೊನೆಗೆ ಮಗನಿಗೆ ಲಿಂಗದೀಕ್ಷೆ ಕೊಡಿಸುತ್ತೇನೆ ಎಂದು ಹಟ ಹಿಡಿದಳು. ಮನೆಗೆ ಬರುವ ಅಯ್ಯನವರು ಒಪ್ಪಲಿಲ್ಲ. ಶುಚಿ ತಿಳಿಯದವನ ಕೊರಳಿಗೆ ಲಿಂಗ ಕಟ್ಟಿದರೆ ಪಾಪ ಯಾರಿಗಮ್ಮ ಎಂದು ಕೇಳಿದರು. ಶುಚಿ ನಾನು ಕಲಿಸುತ್ತೇನೆ ಎಂದಳು.

ಕಲಿಸಿದಳು. ಮೈ ತೊಳೆದುಕೊಳ್ಳುವುದು, ಹಣೆಗೆ ವಿಭೂತಿ ಹಚ್ಚಿಕೊಳ್ಳುವುದು, ಬೆಳ್ಳಿಯ ಕರಡಿಗೆಯ ಮುಚ್ಚಳ ತೆಗೆದು ಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು ನೀರು, ಪತ್ರೆ ಏರಿಸುವುದು, ಮತ್ತೆ ಕೊರಳಿಗೆ ಕಟ್ಟಿಕೊಂಡು ಊಟಕ್ಕೆ ಕೂರುವುದು. ಅದನ್ನು ನೋಡಿ ಅಯ್ಯನವರೂ ಒಪ್ಪಿ ದೀಕ್ಷೆ ಕೊಟ್ಟರು. ಎಲ್ಲಕ್ಕಿಂತ ಮೇಲೆ ಒಂದು ಮಾತು ಕಲಿಸಿದಳು. ಮೈಮೇಲೆ ಲಿಂಗ ಇಲ್ಲದೆ ಹನಿ ನೀರೂ ಬಾಯಿಗೆ ಹಾಕಬಾರದು. ಇದು ಅವರ ಮನೆತನಗಳಲ್ಲಿ ಎಲ್ಲ ಮಕ್ಕಳಿಗೂ ಹೇಳುವ ಮಾತೇ. ಉಳಿದವರು ತಲೆಯಾಡಿಸಿ ಕೇಳುತ್ತಾರೆ, ದೊಡ್ಡವರಾದ ಮೇಲೆ ಗೂಟಕ್ಕೆ ನೇತುಹಾಕಿ ಕಾಫಿ ಕುಡಿಯುತ್ತಾರೆ. ಬೆನಕ ಕಲಿಯುವುದು ನಿಧಾನ, ಕಲಿತದ್ದನ್ನು ಬಿಡುವುದು ಅದಕ್ಕಿಂತ ನಿಧಾನ. ಪುಂಡರು ಬೋಂಡಾ ಹಿಡಿದು ಕರೆದರೆ ಎದೆಯ ಮೇಲಿನ ಕರಡಿಗೆ ತೋರಿಸಿ "ಪೂಜೆ ಆಗಿಲ್ಲ" ಎಂದು ಹೇಳಿ ಮನೆಗೆ ನಡೆಯುತ್ತಿದ್ದ. ಅಮ್ಮನಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಇರಲಿಲ್ಲ.

ಆ ಎಪ್ಪತ್ತೊಂಬತ್ತನೇ ಇಸವಿಯ ಚಳಿಗಾಲದಲ್ಲಿ ಅವನಿಗೆ ಹೊಟ್ಟೆನೋವು ಬಂದು ಉರುಳಾಡಿದಾಗ, ಚನ್ನಗಿರಿಯ ಅಡಿಕೆ ಮಂಡಿಯ ಸಾಹುಕಾರರೊಬ್ಬರು ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದ ನಂಜವ್ವ ಧರ್ಮಾಸ್ಪತ್ರೆಗೆ ಕರೆತಂದರು. ಅಪೆಂಡಿಕ್ಸ್ ಎಂದರು, ಆ ದಿನವೇ ಕೊಯ್ದರು. ಕೊಯ್ದದ್ದರಲ್ಲಿ ದೋಷವಿಲ್ಲ. ಡಾಕ್ಟರ್ ಶಿವಮೂರ್ತಪ್ಪನವರ ಕೈಗುಣ ಹೆಸರಾದದ್ದು, ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಸರ್ವಮಂಗಳಮ್ಮ ಕೇಳಿಕೊಂಡದ್ದು ಒಂದೇ, ಮಗನ ಮಂಚದ ಪಕ್ಕ ತಾನಿರಬೇಕು ಎಂದು. ಸಿಸ್ಟರ್ ಒಪ್ಪಲಿಲ್ಲ. ಗಂಡಸರ ವಾರ್ಡಿನಲ್ಲಿ ಹೆಂಗಸರು ಇರುವ ಹಾಗಿಲ್ಲ, ಅಪ್ಪ ಇದ್ದಾನಲ್ಲ ಎಂದಳು.

"ನಾನಿಲ್ಲಂದ್ರೆ ಅವನಿಗೆ ಹೇಳಾಕೆ ಬರಲ್ಲ ಸಿಸ್ಟರ್."

"ಹೇಳೋದಕ್ಕೆ ಅವನ ಹತ್ತಿರ ಏನಿದೆಯಮ್ಮ?"

ಆ ಮಾತು ಸರ್ವಮಂಗಳಮ್ಮನ ಎದೆಗೆ ಚುಚ್ಚಿತ್ತು. ಚುಚ್ಚಿದರೂ ನುಂಗಿಕೊಂಡಿದ್ದಳು, ಮಗ ಅವರ ಕೈಯಲ್ಲಿದ್ದನಲ್ಲ. ಆಪರೇಶನ್ ಆದ ಮಾರನೇ ಸಂಜೆ ನೋಡಲು ಬಿಟ್ಟಾಗ ಅವನು ಕತ್ತಿನವರೆಗೆ ರಗ್ಗು ಹೊದ್ದು ಮತ್ತಿನಲ್ಲಿ ಮಲಗಿದ್ದ. ನಿನ್ನೆ ಸಂಜೆ, ನಿದ್ದೆ ಮಾಡಿಸಿದ್ದೇವೆ, ಎಬ್ಬಿಸಬೇಡಿ ಎಂದು ಬಾಗಿಲಿನಿಂದಲೇ ಕಳಿಸಿದ್ದರು. ಗಂಡನೂ ಒಂದು ಮಾತು ಬಿಟ್ಟುಕೊಟ್ಟಿರಲಿಲ್ಲ.

ವಾರ್ಡಿನ ಬಾಗಿಲಲ್ಲಿ ಬೈಲಪ್ಪ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. "ನಾಲ್ಕು ಗಂಟೆಗೆ ಬರ್ರಿ ಅಮ್ಮ" ಎಂದ. ಅವಳು ನಿಲ್ಲಲಿಲ್ಲ. ಅವಳ ಮುಖ ನೋಡಿ ಅವನೂ ಕೈ ಅಡ್ಡ ಹಿಡಿಯುವ ಧೈರ್ಯ ಮಾಡಲಿಲ್ಲ.

ಕೊನೆಯ ಮಂಚದಲ್ಲಿ ಬೆನಕನಿದ್ದ. ಎರಡು ಕೈಗಳನ್ನೂ ಬ್ಯಾಂಡೇಜು ಬಟ್ಟೆಯಿಂದ ಮಂಚದ ಕಬ್ಬಿಣದ ಕಂಬಿಗೆ ಕಟ್ಟಿದ್ದರು. ಮಣಿಕಟ್ಟಿನ ಚರ್ಮ ಕೆಂಪಾಗಿ ಊದಿಕೊಂಡಿತ್ತು. ತುಟಿ ಒಣಗಿ ಬಿರಿದು, ಬಿರುಕಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಶರ್ಟಿನ ಕಾಲರು, ದಿಂಬು ಎಲ್ಲ ಒದ್ದೆ. ಮೂಗು ಹಿಡಿದು ಚಮಚದಿಂದ ನೀರು ಹಾಕಲು ನೋಡಿದಾಗ, ಅವನು ಹಲ್ಲು ಕಚ್ಚಿ ಹಿಡಿದು ಹೊರಗೆ ಸುರಿದ ನೀರು ಅದು. ಮೈಯೆಲ್ಲ ನೀರು, ಹೊಟ್ಟೆಗೆ ಒಂದು ತೊಟ್ಟಿಲ್ಲ. ಅಮ್ಮನನ್ನು ಕಂಡು ಅವನ ಕಣ್ಣು ತುಂಬಿತು, ಬಾಯಿ ಮಾತ್ರ ತೆರೆಯಲಿಲ್ಲ. ತೆರೆದರೆ ನೀರು ಹುಯ್ಯುತ್ತಾರೆ ಎಂಬುದು ಅವನಿಗೆ ಅಷ್ಟರಲ್ಲಿ ಪಾಠವಾಗಿತ್ತು. ಗದ್ದವನ್ನು ಎದೆಗೆ ಒತ್ತಿ ಒತ್ತಿ, ಏನನ್ನೋ ಹುಡುಕುವವನ ಹಾಗೆ ಆಚೆ ಈಚೆ ಉಜ್ಜಿದ.

ಸರ್ವಮಂಗಳಮ್ಮ ಅವನ ಶರ್ಟಿನ ಗುಂಡಿ ಬಿಚ್ಚಿದಳು. ಎದೆ ಬರಿದಾಗಿತ್ತು. ಕರಡಿಗೆಯೂ ಇಲ್ಲ, ದಾರವೂ ಇಲ್ಲ. ವರ್ಷಗಟ್ಟಲೆ ದಾರ ಕೂತಿದ್ದ ಜಾಗದಲ್ಲಿ ಬೆಳ್ಳನೆಯ ಗೆರೆಯೊಂದು ಉಳಿದಿತ್ತು.

ಅವಳಿಗೆ ಎಲ್ಲ ಒಂದೇ ಸಲಕ್ಕೆ ತಿಳಿಯಿತು. ತಾನು ಕಲಿಸಿದ ಮಾತನ್ನು ಮಗ ಪಾಲಿಸುತ್ತಿದ್ದ. ಮಂಚಕ್ಕೆ ಕಟ್ಟಿದರೂ, ಮೂಗು ಹಿಡಿದರೂ, ಹೊಟ್ಟೆಯ ಹೊಲಿಗೆ ಎಳೆಯುತ್ತಿದ್ದರೂ, ಗಂಟಲು ಒಣಗಿ ಬೂದಿಯಾದರೂ ಪಾಲಿಸುತ್ತಿದ್ದ. ಇದನ್ನು ಇವರು ಹುಚ್ಚು ಎಂದು ಬರೆದುಕೊಂಡಿದ್ದರು.

"ಲಿಂಗ ಎಲ್ಲಿ ಸಿಸ್ಟರ್?"

ಔಷಧಿ ಟ್ರೇ ಹಿಡಿದು ಬಂದ ಸಿಸ್ಟರ್ ಹುಬ್ಬು ಗಂಟಿಕ್ಕಿದಳು. "ನೀವು ಯಾಕಮ್ಮ ಈ ಹೊತ್ತಿನಲ್ಲಿ ಬಂದಿರಿ? ಅದನ್ನ ಆಪರೇಶನ್ ದಿನವೇ ಬಿಚ್ಚಿ ನಿಮ್ಮ ಯಜಮಾನರ ಕೈಗೆ ಕೊಟ್ಟೆ. ಇಂಥವರ ಮೈಮೇಲೆ ಗಟ್ಟಿ ಸಾಮಾನು ಇರಬಾರದು. ಎಸೆದು ಯಾರದಾದರೂ ತಲೆ ಒಡೆದರೆ ಯಾರು ಹೊಣೆ?"

ಪಕ್ಕದ ಮಂಚದಲ್ಲಿ ಬಂಗಾರಪ್ಪ ಎಂಬ ಮುದುಕರು ಮಲಗಿದ್ದರು. ಅವರಿಗೂ ಅದೇ ವಾರ ಹರ್ನಿಯಾ ಆಪರೇಶನ್ ಆಗಿತ್ತು. ಅವರ ಬಲತೋಳಿನಲ್ಲಿ ಬಿಳಿ ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಒಂದು ಉಬ್ಬು ಕಾಣುತ್ತಿತ್ತು. ಸರ್ವಮಂಗಳಮ್ಮ ಅದನ್ನೇ ದಿಟ್ಟಿಸಿದಳು. ಮುದುಕರಿಗೆ ಇರಿಸುಮುರಿಸಾಯಿತು.

"ಇದು ನಂದು ಲಿಂಗನೇ ತಾಯಿ. ಕೊರಳಾಗೆ ಇರಬಾರದು ಅಂತ ಇಲ್ಲಿ ತೋಳಿಗೆ ಕಟ್ಟಿ ಒಳಗೆ ಕರ್ಕಂಡು ಹೋಗ್ತಾರೆ. ನಮ್ಮೋರಿಗೆಲ್ಲ ಹಂಗೇ ಮಾಡೋದು. ಸಾಹುಕಾರ್ರು ಆಸ್ಪತ್ರೆ ಕಟ್ಟಿಸಿದಾಗಿಂದ ಇರೋ ಪದ್ಧತಿ."

"ನನ್ನ ಮಗಂದು ಬಿಚ್ಚಿದಾಗ ನೀವು ಇಲ್ಲೇ ಇದ್ರೇನ್ರಿ?"

"ಇದ್ದೆ. ಭಾಳ ಒದ್ದಾಡ್ತು ಅದು. ನಾಕು ಜನ ಹಿಡಕಂಡ್ರು."

"ಒಂದು ಮಾತು ಹೇಳಬಾರದಿತ್ತೇನ್ರಿ? ನಂಗೆ ಕಟ್ಟಿದಂಗೆ ಅವನಿಗೂ ಕಟ್ರಿ ಅಂತ."

ಬಂಗಾರಪ್ಪ ಗೋಡೆಯ ಕಡೆ ತಿರುಗಿದರು. "ಅದಕ್ಕೇನು ತಿಳೀತೈತೆ ಅಂದ್ಕಂಡೆ ತಾಯಿ" ಎಂದರು.

ಎಲ್ಲರ ಬಾಯಲ್ಲೂ ಇದೇ ಮಾತು. ಒಬ್ಬರ ಬಾಯಿಂದ ಒಬ್ಬರು ಕಲಿತು ಒಪ್ಪಿಸಿದಂತೆ. ಸರ್ವಮಂಗಳಮ್ಮ ಗಂಡನತ್ತ ತಿರುಗಿದಳು. ಅವನು ಮಂಚದ ಕಾಲಿನ ಬಳಿ ನಿಂತು ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

"ಎಲ್ಲಿಟ್ಟಿದ್ದೀರಿ?"

"ಊರಾಗೆ. ಗಿರಣಿ ನೋಡಾಕೆ ಹೋದಾಗ ದೇವರ ಗೂಡಿನಾಗೆ ಇಟ್ಟು ಬಂದೆ. ಬೆಳ್ಳೀದು, ಇಲ್ಲಿ ಯಾರಾದ್ರೂ ಹೊಡಕಂಡು ಹೋದ್ರೆ ಅಂತ." ಅವನ ದನಿ ಇಳಿಯಿತು. "ಪೂಜೆ ತಪ್ಪಿಲ್ಲ ಕಣೇ. ಪಕ್ಕದ ಮನೆ ಅಜ್ಜಮ್ಮಗೆ ಹೇಳಿ ಬಂದೀನಿ. ದಿನಾ ನೀರು ಹಾಕ್ತಾಳೆ."

ಕೆರೆಬಿಳಚಿಯಲ್ಲಿ ಲಿಂಗಕ್ಕೆ ದಿನಾ ಬೆಳಿಗ್ಗೆ ನೀರು ಬೀಳುತ್ತಿತ್ತು, ಚನ್ನಗಿರಿಯಲ್ಲಿ ಲಿಂಗದ ಒಡೆಯ ನೀರಿಲ್ಲದೆ ಒಣಗುತ್ತಿದ್ದ. ಸರ್ವಮಂಗಳಮ್ಮನಿಗೆ ಗಟ್ಟಿಯಾಗಿ ಕೂಗಬೇಕೆನ್ನಿಸಿತು. ಕೂಗಿದರೆ ಇವಳೂ ಹುಚ್ಚಿಯೇ ಎಂದು ಹೊರಗೆ ಹಾಕುತ್ತಾರೆ ಎಂದು ಹಲ್ಲು ಕಚ್ಚಿಕೊಂಡಳು.

"ಹೋಗ್ರಿ. ಸಿಕ್ಕಿದ ಬಸ್ ಹತ್ತಿ ಹೋಗಿ ತರ್ರಿ. ಜೀಪು ಬರೋದ್ರೊಳಗೆ ನೀವು ಇಲ್ಲಿರಬೇಕು. ಇಲ್ಲಂದ್ರೆ ನನ್ನ ಮುಖ ನೋಡಾಕೆ ಬರಬ್ಯಾಡ್ರಿ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇಂಥ ಮಾತು ಅವನು ಕೇಳಿರಲಿಲ್ಲ. ಟವಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಅವಳು ಬೆನಕನ ಕೈಯ ಕಟ್ಟು ಬಿಚ್ಚಲು ಕೈ ಹಾಕಿದಾಗ ಸಿಸ್ಟರ್ ತಡೆದಳು. ಡಾಕ್ಟರ ಆರ್ಡರ್ ಇಲ್ಲದೆ ಬಿಚ್ಚುವ ಹಾಗಿಲ್ಲ ಎಂದಳು. ಸರಿ, ಡಾಕ್ಟರನ್ನೇ ಕೇಳುತ್ತೇನೆ ಎಂದು ಸರ್ವಮಂಗಳಮ್ಮ ಅವರ ಕೋಣೆಗೆ ನಡೆದಳು. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾದವರು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಡಾಕ್ಟರ್ ಶಿವಮೂರ್ತಪ್ಪನವರು ಮೇಜಿನ ಹಿಂದೆ ಕೂತಿದ್ದರು. ಐವತ್ತು ದಾಟಿದ, ಮೃದು ಮಾತಿನ ಮನುಷ್ಯ. ಹಣೆಯ ಮೇಲೆ ಬೆಳಗಿನ ವಿಭೂತಿಯ ಗೆರೆಗಳು ಇನ್ನೂ ಮಾಸಿರಲಿಲ್ಲ. ಅವಳ ಮಾತನ್ನು ಪೂರ್ತಿ ಕೇಳಿದರು. ಕೇಳಿ ನಕ್ಕರು, ಕೆಡುಕಿನ ನಗೆಯಲ್ಲ, ಮಕ್ಕಳ ಮಾತಿಗೆ ನಗುವ ನಗೆ.

"ನೀವು ತಾಯಿ, ನಿಮಗೆ ಹಾಗೆ ಅನ್ನಿಸುತ್ತಮ್ಮ. ಅವನ ಬುದ್ಧಿ ಮೂರು ವರ್ಷದ ಮಗುವಿನದು. ದೀಕ್ಷೆ, ನೇಮ, ವ್ರತ, ಇವೆಲ್ಲ ಅವನ ತಲೆಗೆ ಹತ್ತೋ ವಿಷಯವಲ್ಲ. ಇದು ಮೆಂಟಲ್ ಕೇಸು. ಹೊಲಿಗೆ ನಾನು ಹಾಕಬಹುದು, ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಒಣಗಿದ ಮೈಯಲ್ಲಿ ಗ್ಲೂಕೋಸಿಗೆ ನರವೂ ಸಿಗ್ತಿಲ್ಲ, ನಾಳೆ ಬೆಳಿಗ್ಗೆಯೊಳಗೆ ನೀರು ಕುಡೀದಿದ್ದರೆ ಹುಡುಗ ಉಳಿಯಲ್ಲ. ಅಲ್ಲಿ ಕಟ್ಟಿಹಾಕಿ ಮೂಗಿನಿಂದ ಟ್ಯೂಬ್ ಇಳಿಸ್ತಾರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಅಲ್ಲಿಗೆ ಹೋದ್ರೆ ವಾಪಸ್ ಯಾವಾಗ ಬರ್ತಾನ್ರಿ?"

ಡಾಕ್ಟರು ಪೆನ್ನು ಕೈಗೆತ್ತಿಕೊಂಡರು. ಅಲ್ಲಿಗೆ ಹೋಗಿ ವಾಪಸ್ ಬಂದವರ ಹೆಸರು ಆ ಸೀಮೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಮೇಜಿನ ಮೇಲೆ ಮುಚ್ಚಳ ಹಾಕಿದ ನೀರಿನ ಲೋಟವಿತ್ತು. ಸರ್ವಮಂಗಳಮ್ಮ ಮುಚ್ಚಳ ತೆಗೆದು ಲೋಟವನ್ನು ಅವರ ಮುಂದೆ ಸರಿಸಿದಳು.

"ಡಾಕ್ಟ್ರೇ, ನಿಮ್ಮ ಕೊರಳಾಗೆ ಲಿಂಗ ಐತಲ್ರಿ. ಅದನ್ನ ಬಿಚ್ಚಿ ಇಲ್ಲಿ ಮೇಜಿನ ಮ್ಯಾಲಿಡ್ರಿ. ಇಟ್ಟು ಈ ನೀರು ಕುಡೀರಿ. ನಾನು ನೋಡ್ತೀನಿ."

ಡಾಕ್ಟರ ಕೈ ತಾನಾಗಿ ಶರ್ಟಿನ ಮೇಲೆ, ಎದೆಯ ನಡುವಿಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಕಂಪೌಂಡರು ತಲೆ ತಗ್ಗಿಸಿದ.

"ಏನಮ್ಮ ಇದು ಮಾತು?" ಎಂದರು. ಮೃದು ದನಿ ಗಡುಸಾಗಿತ್ತು.

"ಯಾಕ್ರಿ, ಆಗಲ್ವಾ? ಓದಿದೋರು ನೀವು. ಬರೇ ಒಂದು ಲೋಟ ನೀರು. ಯಾರೂ ನಿಮ್ಮ ಕೈ ಕಟ್ಟಿಲ್ಲ, ಯಾರೂ ನಿಮ್ಮ ಮೂಗು ಹಿಡಿದಿಲ್ಲ."

"ನನ್ನದು ಬೇರೆ, ಅವನದು ಬೇರೆ."

"ಏನು ಬೇರೆ? ನಿಮಗೂ ಅವನಿಗೂ ಅಯ್ಯನೋರೇ ಕಟ್ಟಿದ್ದು, ಅದೇ ಲಿಂಗ. ಬಂಗಾರಪ್ಪನೋರಿಗೆ ತೋಳಿಗೆ ಕಟ್ಟಿದ್ರಿ. ನನ್ನ ಮಗನಿಗೂ ಕಟ್ಟಿದ್ರೆ ನಿಮಗೆ ಹೋಗ್ತಿದ್ದುದು ಒಂದು ಗೇಣು ಬಟ್ಟೆ. ಅಷ್ಟು ಮಾಡಾಕೆ ಆಗದೆ ನಾಕು ಜನ ಹಿಡಕಂಡು ಕಿತ್ತುಕಂಡ್ರಿ. ಕಿತ್ತುಕಂಡು ಅವನಿಗೇ ಹುಚ್ಚು ಅಂತೀರಿ. ನೀವು ಪುಣ್ಯವಂತರು, ನಿಮ್ಮ ಲಿಂಗ ಯಾರೂ ಕೇಳಿಲ್ಲ. ಕೇಳಿದಾಗ ನನ್ನ ಮಗನಷ್ಟು ಗಟ್ಟಿ ನಿಲ್ತೀರಾ, ಅದನ್ನ ಹೇಳ್ರಿ."

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಗೆ ಬರಲಿಲ್ಲ, ಅದು ಅವರ ಅಭ್ಯಾಸದಲ್ಲೇ ಇರಲಿಲ್ಲ. ಕಂಪೌಂಡರಿಗೆ, ಹುಡುಗನ ಕೈ ಬಿಚ್ಚಲು ಹೇಳು ಎಂದರು. ಜ್ವರ ನೋಡಲು ಹೇಳು ಎಂದರು. ಜೀಪು ಬಂದಾಗ ನೋಡೋಣ ಎಂದು ಮುಂದಿನವರನ್ನು ಕರೆದರು.

ಕಟ್ಟು ಬಿಚ್ಚಿದ ಕೂಡಲೇ ಬೆನಕ ಎರಡೂ ಕೈಗಳಿಂದ ಎದೆ ತಡವಿಕೊಂಡ. ಇಲ್ಲ ಎಂದು ಖಾತ್ರಿಯಾದ ಮೇಲೆ ಕೈ ಅಲ್ಲೇ ಬಿಟ್ಟ. ಸರ್ವಮಂಗಳಮ್ಮ ಮಂಚದ ಅಂಚಿಗೆ ಕೂತು ಅವನಿಗೆ ನಿಧಾನವಾಗಿ ಹೇಳಿದಳು.

"ನಿನ್ನ ಲಿಂಗ ಊರಾಗೈತೆ ಮಗ. ಕಳೆದಿಲ್ಲ. ಅಪ್ಪ ತರಾಕೆ ಹೋಗ್ಯಾರೆ. ಬಂದ ಮ್ಯಾಲೆ ಪೂಜೆ ಮಾಡಿ ನೀರು ಕುಡಿಯುವಂತೆ. ಅಲ್ಲಿ ತನಕ ಯಾರೂ ನಿನ್ನ ಬಾಯಿಗೆ ಏನೂ ಹಾಕಲ್ಲ. ನಾನು ಇಲ್ಲೇ ಕೂತಿರ್ತೀನಿ."

ಆ ಆಸ್ಪತ್ರೆಗೆ ಬಂದ ಮೇಲೆ ಅವನಿಗೆ ಯಾರಾದರೂ ಏನನ್ನಾದರೂ ಹೇಳಿದ್ದು ಅದೇ ಮೊದಲು. ಅವನ ಬಗ್ಗೆ ಎಲ್ಲರೂ ಮಾತಾಡಿದ್ದರು, ಅವನ ಜೊತೆ ಯಾರೂ ಆಡಿರಲಿಲ್ಲ. ಬೆನಕ ಕೇಳಿಸಿಕೊಂಡ. ತುಟಿ ತೆರೆದ, ಬಿರುಕಿನಿಂದ ರಕ್ತ ಜಿನುಗಿತು.

"ಅಪ್ಪ ತಗಂಡ" ಎಂದ. ಒಣ ನಾಲಿಗೆ ಹೊರಳುತ್ತಿರಲಿಲ್ಲ. "ಕೊಡು ಅಂದೆ. ಅಪ್ಪ ಕೊಡ್ಲಿಲ್ಲ."

ಇಷ್ಟು ಹೇಳಿ ಮತ್ತೆ ಬಾಯಿ ಮುಚ್ಚಿದ. ಸರ್ವಮಂಗಳಮ್ಮನಿಗೆ ಗಂಡ ಈ ಮಾತನ್ನು ಹೇಳಿರಲಿಲ್ಲ. ಹುಡುಗ ಬಾಯಿಬಿಟ್ಟು ಕೇಳಿದ್ದ, ಕೇಳಬೇಕಾದವರನ್ನೇ ಕೇಳಿದ್ದ.

ಮಧ್ಯಾಹ್ನ ಆಯಾ ತಿಪ್ಪಮ್ಮ ಕಸ ಗುಡಿಸುತ್ತ ಬಂದು ಪಕ್ಕದಲ್ಲಿ ನಿಂತಳು. ಒಳ್ಳೆಯ ಮನಸ್ಸಿನ ಹೆಂಗಸು. ಹುಡುಗನ ತುಟಿ ನೋಡಿ ಅವಳಿಗೂ ತಡೆಯಲಾಗಲಿಲ್ಲ. "ಒಂದು ಕಲ್ಲು ಬಟ್ಯಾಗೆ ಸುತ್ತಿ ಕಟ್ಟಿಬಿಡ್ರಿ ಅಮ್ಮ" ಎಂದು ಕಿವಿಯಲ್ಲಿ ಹೇಳಿದಳು. "ನೀರು ಕುಡಿದು ಜೀವ ಉಳಿಸ್ಕಣ್ಲಿ. ಅವನಿಗೇನು ಗೊತ್ತಾಗ್ತೈತೆ?"

ಸರ್ವಮಂಗಳಮ್ಮ ಆ ಮಾತಿಗೆ ಸಿಟ್ಟಾಗಲಿಲ್ಲ, ಏಕೆಂದರೆ ಅವಳ ಮನಸ್ಸಿನಲ್ಲೂ ಅದು ಸುಳಿದುಹೋಗಿತ್ತು. ಕಲ್ಲೇಕೆ, ತನ್ನ ಕೊರಳಿನದನ್ನೇ ಬಿಚ್ಚಿ ಕಟ್ಟಿಬಿಡಲೇ ಎಂದೂ ಯೋಚಿಸಿದ್ದಳು. ಮಗ ಕಣ್ಣೆದುರಿಗೆ ಬಾಡುತ್ತಿದ್ದ. ಬಸ್ಸು ಕೆಟ್ಟು ನಿಂತರೆ? ಗಂಡ ಯಾರ ಜೊತೆಗೋ ಮಾತಿಗೆ ನಿಂತರೆ? ಆದರೆ ಬೆನಕ ಕಣ್ಣು ಮಿಟುಕಿಸದೆ ಬಾಗಿಲನ್ನೇ ನೋಡುತ್ತಿದ್ದ. ಅಮ್ಮ ಹೇಳಿದ ಮೇಲೆ ಬರುತ್ತದೆ ಎಂದು ನೋಡುತ್ತಿದ್ದ. ಇಡೀ ಊರು ಅವನಿಗೆ ಮೋಸ ಮಾಡಿತ್ತು, ಈಗ ತಾನೂ ಮಾಡಿದರೆ ಅವನಿಗೆ ನಂಬಲು ಯಾರು ಉಳಿಯುತ್ತಾರೆ?

"ಅವನಿಗೆ ಗೊತ್ತಾಗ್ತೈತೆ ತಿಪ್ಪಮ್ಮ" ಎಂದಳು.

ಜೀಪು ಹೇಳಿದ್ದಕ್ಕಿಂತ ಮೊದಲೇ ಬಂತು. ಬೈಲಪ್ಪ ಇನ್ನೊಬ್ಬನ ಜೊತೆ ಸ್ಟ್ರೆಚರ್ ತಂದು ಮಂಚದ ಪಕ್ಕ ಇಳಿಸಿದ. ಸರ್ವಮಂಗಳಮ್ಮ ಎದ್ದು ಮಗನಿಗೆ ಅಡ್ಡ ನಿಂತಳು.

"ನನ್ನ ಮುಟ್ಟಿ ಪಕ್ಕಕ್ಕೆ ಸರಿಸೋ ಗಂಡಸು ಯಾರಿದ್ದೀರಿ, ಮುಂದೆ ಬರ್ರಿ."

ಯಾರೂ ಬರಲಿಲ್ಲ. ಸಿಸ್ಟರ್ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಅವರು ವಾರ್ಡಿನ ಬಾಗಿಲಲ್ಲೇ ನಿಂತು ಈ ಕಡೆ ಒಮ್ಮೆ, ಜೀಪಿನ ಕಡೆ ಒಮ್ಮೆ ನೋಡಿದರು. ಒಳಗೆ ಬರಲೂ ಇಲ್ಲ, ಹೊರಡಿ ಎನ್ನಲೂ ಇಲ್ಲ. ಡ್ರೈವರು ಹೊರಗೆ ಹಾರನ್ ಹೊಡೆದ. ಬಂಗಾರಪ್ಪ ಇದ್ದಕ್ಕಿದ್ದಂತೆ ಮಂಚದಲ್ಲಿ ಎದ್ದು ಕೂತು, "ಸ್ವಲ್ಪ ತಡೀರಿ ಡಾಕ್ಟ್ರೇ, ಅವರಪ್ಪ ಬರ್ತಾನೆ" ಎಂದರು. ಲಿಂಗ ಬಿಚ್ಚಿದ ದಿನ ಬಾರದ ಮಾತು ಈಗ ಬಂತು. ತಡವಾಗಿಯಾದರೂ ಬಂತಲ್ಲ ಎಂದು ಸರ್ವಮಂಗಳಮ್ಮ ಅವರಿಗೆ ಕೃತಜ್ಞಳಾಗಲಿಲ್ಲ.

ಷಣ್ಮುಖಪ್ಪ ಬಂದಾಗ ಬೆವರಿನಲ್ಲಿ ತೊಯ್ದಿದ್ದ. ಬಸ್ಸು ಸಿಗದೆ ಅಡಿಕೆ ಲಾರಿಯ ಹಿಂದೆ ಮೂಟೆಗಳ ಮೇಲೆ ಕೂತು ಬಂದಿದ್ದ. ಎದೆಗವಚಿ ಹಿಡಿದಿದ್ದ ವಸ್ತ್ರದ ಗಂಟನ್ನು ಮಗನತ್ತ ಚಾಚಿದ. ಬೆನಕ ಅಪ್ಪನ ಕೈಯಿಂದ ತೆಗೆದುಕೊಳ್ಳಲಿಲ್ಲ. ಅಮ್ಮನ ಕಡೆ ನೋಡಿದ. ಅವಳು ಇಸಿದುಕೊಂಡು ಅವನ ಕೈಗಿಟ್ಟಳು.

ಆಮೇಲೆ ನಡೆದದ್ದನ್ನು ವಾರ್ಡಿನವರೆಲ್ಲ ನೋಡಿದರು. ಎದ್ದು ಕೂರಲು ಆಗದವನನ್ನು ಅಮ್ಮ ತನ್ನ ಮೈಗೆ ಒರಗಿಸಿ ಕೂರಿಸಿದಳು. ಒದ್ದೆ ಬಟ್ಟೆಯಿಂದ ಮುಖ, ಕೈ, ಎದೆ ಒರೆಸಿದಳು. ಬಂಗಾರಪ್ಪ ತಮ್ಮ ವಿಭೂತಿ ಕೊಟ್ಟರು. ಬೆನಕ ಮೂರು ಬೆರಳಿನಿಂದ ಹಣೆಗೆ ಹಚ್ಚಿಕೊಂಡ. ಕರಡಿಗೆಯ ಮುಚ್ಚಳ ತಿರುಗಿಸಲು ಅವನ ಊದಿದ ಕೈಗೆ ಶಕ್ತಿ ಸಾಲದೆ ಜಾರಿತು, ಮತ್ತೆ ಜಾರಿತು. ಯಾರೋ ನೆರವಿಗೆ ಬಂದರು, ಅಮ್ಮ ಬೇಡವೆಂದಳು. ಮುಚ್ಚಳ ತೆರೆಯಿತು. ಎಡ ಅಂಗೈಯ ಮೇಲೆ ಲಿಂಗವಿಟ್ಟು ಅದನ್ನೇ ನೋಡಿದ. ನೀರಿನ ಲೋಟ ಪಕ್ಕದಲ್ಲಿತ್ತು. ಬಾಯಾರಿ ಸಾಯುತ್ತಿದ್ದವನು ಆ ಲೋಟದಿಂದ ಮೊದಲು ಲಿಂಗದ ಮೇಲೆ ನೀರು ಹಾಕಿದ, ಕಣ್ಣಿಗೊತ್ತಿಕೊಂಡ, ಕರಡಿಗೆಗೆ ಸೇರಿಸಿ ಕೊರಳಿಗೆ ಕಟ್ಟಿಸಿಕೊಂಡ. ಒಂದು ಹೆಜ್ಜೆಯನ್ನೂ ಬಿಡಲಿಲ್ಲ, ಅವಸರ ಮಾಡಲಿಲ್ಲ. ಆಮೇಲೆ ಅಮ್ಮನ ಕಡೆ ತಿರುಗಿ ಬಾಯಿ ತೆರೆದ.

ಅವಳು ಚಮಚದಲ್ಲಿ ಹನಿಹನಿಯಾಗಿ ಹಾಕಿದಳು. ನೀರು ಗಂಟಲಿಗೆ ಇಳಿಯಿತು. ತಿಪ್ಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈಲಪ್ಪ ಸ್ಟ್ರೆಚರ್ ಎತ್ತಿಕೊಂಡು ಹೊರಗೆ ಹೋದ. ಜೀಪು ಖಾಲಿ ಹೋಯಿತು.

ಡಾಕ್ಟರು ಹತ್ತಿರ ಬಂದು ನಾಡಿ ಹಿಡಿದರು. "ರಾತ್ರಿ ಕೊಟ್ಟ ಇಂಜೆಕ್ಷನ್ ಈಗ ಹಿಡೀತಾ ಇದೆ" ಎಂದು ಸಿಸ್ಟರಿಗೆ ಹೇಳಿದರು. ಸಿಸ್ಟರ್ ಹೌದು ಸಾರ್ ಎಂದಳು. ಸರ್ವಮಂಗಳಮ್ಮ ಅವರ ಮುಖವನ್ನೇ ನೋಡಿದಳು. ಅವರು ಕಣ್ಣು ತಪ್ಪಿಸಿ ಪಕ್ಕದ ಮಂಚಕ್ಕೆ ಹೋದರು. ಆಡಿ ಪ್ರಯೋಜನವಿಲ್ಲದ ಕಡೆ ಮಾತು ದಂಡ ಎಂದು ಅವಳು ಮತ್ತೊಂದು ಚಮಚ ನೀರು ಎತ್ತಿದಳು. ಆದರೆ ಆ ಸಂಜೆ, ನೋಡಲು ಬಂದವರು ಹೊರಡಬೇಕಾದ ಆರು ಗಂಟೆಯ ಗಂಟೆ ಬಾರಿಸಿದಾಗ ಅವಳು ಮಂಚದಿಂದ ಏಳಲಿಲ್ಲ, ಏಳಿ ಎಂದು ಹೇಳಲು ಸಿಸ್ಟರೂ ಬರಲಿಲ್ಲ.

ಮಾರನೇ ಬೆಳಿಗ್ಗೆ ಷಣ್ಮುಖಪ್ಪ ನಾದಿನಿಯ ಮನೆಯಿಂದ ಹೊಸದಾಗಿ ಕಾಯಿಸಿದ ಗಂಜಿ ತಂದ. ಬೆನಕ ಪೂಜೆ ಮುಗಿಸಿ ದಿಂಬಿಗೆ ಒರಗಿದ್ದ, ತುಟಿಗೆ ಸ್ವಲ್ಪ ಜೀವ ಬಂದಿತ್ತು. ಅಪ್ಪ ಲೋಟಕ್ಕೆ ಗಂಜಿ ಬಗ್ಗಿಸಿ ತಾನೇ ಕುಡಿಸಲು ಬಗ್ಗಿದ. ಅವನ ಕೈ ಕೊರಳಿನ ಹತ್ತಿರ ಬಂದದ್ದೇ ತಡ, ಬೆನಕ ಎರಡೂ ಕೈಗಳಿಂದ ಎದೆಯ ಮೇಲಿನ ಕರಡಿಗೆಯನ್ನು ಮುಚ್ಚಿಕೊಂಡು ಗೋಡೆಗೆ ಸರಿದ.

ಷಣ್ಮುಖಪ್ಪ ಲೋಟ ಹಿಡಿದುಕೊಂಡೇ ನಿಂತ. ಮುಖ ಸಣ್ಣದಾಯಿತು.

"ಇವನಿಗೆ ನೆನಪಿರ್ತೈತೆ ಅಂತ ನಂಗೆ ಗೊತ್ತಿರಲಿಲ್ಲ ಕಣೇ" ಎಂದ. "ತಪ್ಪಾತು. ನಾನು ಬೇಕಂತ ಮಾಡಿದ್ದಲ್ಲ."

"ನಂಗ್ಯಾಕೆ ಹೇಳ್ತೀರಿ?" ಎಂದಳು ಸರ್ವಮಂಗಳಮ್ಮ. "ಅವನಿಗೆ ಹೇಳ್ರಿ."

ಷಣ್ಮುಖಪ್ಪ ಮಗನ ಕಡೆ ತಿರುಗಿದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಹದಿನೆಂಟು ವರ್ಷದಿಂದ ಆಡದ ಮಾತು ಅಷ್ಟು ಸುಲಭಕ್ಕೆ ಬರುವಂಥದ್ದಲ್ಲ. ಕೊನೆಗೆ, "ಬೆನಕಾ" ಎಂದ. "ನೀನು ಕೊಡು ಅಂದಾಗ ಕೊಡಬೇಕಿತ್ತು. ಕೊಡಲಿಲ್ಲ. ತಪ್ಪಾತಪ್ಪ."

ಬೆನಕ ಅಪ್ಪನ ಮುಖವನ್ನೇ ನೋಡುತ್ತ ಪೂರ್ತಿ ಕೇಳಿದ. ಕೇಳಿದ ಮೇಲೂ ಎದೆಯ ಮೇಲಿನ ಕೈ ತೆಗೆಯಲಿಲ್ಲ.